ರೇಷ್ಮೆಗೂ ರಾಸಿಗೂ ಉಪಕಾರಿ ಲೂಯಿ ಪಾಶ್ಚರ್

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಕೈಗೆ ಕಾಸು ಬರೋದು ಹಾಲು, ರೇಷ್ಮೆಯಿಂದ. ಎರಡಕ್ಕೂ ಉಪಕಾರ ಮಾಡಿದ ಮಹನೀಯರು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್‌ರವರು.

1822ರಲ್ಲಿ ಚರ್ಮ ಹದಮಾಡುವವರ ಮನೆಯಲ್ಲಿ ಹುಟ್ಟಿದರು. 1865ರಲ್ಲಿ ಪೆಬ್ರಿನ್ ರೋಗದಿಂದ ಅಲ್ಲಿನ ರೇಷ್ಮೆ ಬೆಳೆ ಹಾಳಾಗುತ್ತಿದ್ದಾಗ ಸರ್ಕಾರ ಇವರನ್ನು ಕಳಿಸಿತು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆ ಸುಡುವ ಕ್ರಮ ತಂದರು. ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆ ಪರೀಕ್ಷೆ ಮಾಡೋದು ಇದೇ ದಾರಿಯಲ್ಲಿ. 1868ರಲ್ಲಿ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದರೂ ಕೆಲಸ ಬಿಡಲಿಲ್ಲ.

1881ರಲ್ಲಿ ಕುರಿ, ದನಗಳಿಗೆ ನೆರಡಿ ರೋಗದ ಲಸಿಕೆ ಹಾಕಿ ಜನರೆದುರೇ ತೋರಿಸಿದರು. ಆಮೇಲೆ ಹಿಡಿದದ್ದು ಹುಚ್ಚುನಾಯಿ ರೋಗ. ಕಚ್ಚಿದ ಮೇಲೆ ರೋಗ ಏಳಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಲಸಿಕೆ ಕೊಟ್ಟರೆ ತಡೆಯಬಹುದೆಂಬುದು ಅವರ ಲೆಕ್ಕ. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಚುಚ್ಚುಮದ್ದು. ಪಾಶ್ಚರ್ ವೈದ್ಯರಲ್ಲ, ಹಾಗಾಗಿ ಚುಚ್ಚಿದ್ದು ಬೇರೆಯವರು. ಒಟ್ಟು 13 ಸಲ. ಹುಡುಗ ಬದುಕಿದ. ಪಾಶ್ಚರ್ 1895ರಲ್ಲಿ ತೀರಿಕೊಂಡರು.

ಅದೇ ಲೆಕ್ಕ ನಮ್ಮ ಹಸುವಿಗೂ. ನಾಯಿ ಕಚ್ಚಿದರೆ ಗಾಯಕ್ಕೆ ಅರಿಶಿನ ಮೆತ್ತಿ ಕೂರಬಾರದು. ಸೋಪು ನೀರಲ್ಲಿ 15 ನಿಮಿಷ ತೊಳೆದು, ಅಂದೇ ಪಶುವೈದ್ಯರಿಂದ ಮೊದಲ ಲಸಿಕೆ, ಬಳಿಕ 3, 7, 14, 28ನೇ ದಿನ. ಲಕ್ಷಣ ಕಂಡ ಮೇಲೆ ಮದ್ದಿಲ್ಲ. ಜೊಲ್ಲು ಸುರಿಸಿ, ಮೇವು ನುಂಗದೆ ಅರಚುವ ಹಸುವಿಗೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ನಮ್ಮಲ್ಲಿ ಬಾಯಿಗೆ ಕೈ ಹಾಕುತ್ತಾರೆ. ಹಾಗೆ ಕೈ ಹಾಕಿದವರು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತಾವೂ ಚುಚ್ಚಿಸಿಕೊಳ್ಳಬೇಕು.