ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಊದಿಕೊಳ್ಳುವ ಜೀವಕೋಶ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ‘ಜೀವಕೋಶ’ ಘಟಕ ತೆಗೆದುಕೊಂಡಿದ್ದೆ. ಕೋಶದ ಕೆಲಸಕ್ಕೆಲ್ಲ ಶಕ್ತಿ ಕೊಡುವುದು ಎಟಿಪಿ ಎಂದು ಹೇಳಿ ಮುಂದೆ ಹೋಗುವಷ್ಟರಲ್ಲಿ, ಅದು ಮುಗಿದರೆ ಏನಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕೋಶ ಸಾಯುತ್ತದೆ ಎಂದೆ. ಹೇಗೆ ಎಂದಳು. ನನಗೆ ಗೊತ್ತಿರಲಿಲ್ಲ. ನಾಳೆ ಹೇಳುವೆನೆಂದು ಒಪ್ಪಿಕೊಂಡೆ. ಉತ್ತರ ಹುಡುಕುವಾಗ ಸಿಕ್ಕ ಈ ಜೀವನಕಥೆಯನ್ನೇ ಮರುದಿನದ ಪಾಠಕ್ಕೆ ಪೀಠಿಕೆ ಮಾಡಿಕೊಂಡೆ.

ಸುಬ್ಬರಾವ್ 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಸಹೋದರರನ್ನು ಬಲಿ ತೆಗೆದುಕೊಂಡಿತು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾದರು. ಎಂಬಿಬಿಎಸ್ ಬದಲು ಎಲ್‌ಎಂಎಸ್ ಮಾತ್ರ ದೊರೆಯಿತು. ಬಾಸ್ಟನ್ ತಲುಪಿ, ಆಸ್ಪತ್ರೆಯಲ್ಲಿ ರಾತ್ರಿ ಕೂಲಿ ಮಾಡುತ್ತ ಹಾರ್ವರ್ಡ್‌ನಲ್ಲಿ ಓದಿದರು.

ಅಲ್ಲಿ ಸೈರಸ್ ಫಿಸ್ಕೆಯವರೊಡನೆ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. ಅದರ ನೆರವಿನಿಂದ 1929ರಲ್ಲಿ ಸ್ನಾಯುವಿನಲ್ಲಿ ಎಟಿಪಿ ಪತ್ತೆಯಾಯಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದನ್ನು ಸ್ವತಂತ್ರವಾಗಿ ಕಂಡುಕೊಂಡರು.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿಂದ ಮುಂದಿನ ಸಂಶೋಧನೆಗಳಲ್ಲಿದೆ. ಕೋಶಪೊರೆಯಲ್ಲಿರುವ ಪಂಪು ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಗುರುತಿಸಿದರು. ರಕ್ತ ನಿಂತರೆ ಆಮ್ಲಜನಕವಿಲ್ಲ, ಎಟಿಪಿ ಇಳಿಯುತ್ತದೆ, ಪಂಪು ಸೋಲುತ್ತದೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಬೇಗ ರಕ್ತ ಮರಳಿದರೆ ಚೇತರಿಸಿಕೊಳ್ಳಬಹುದು. ತಡವಾದರೆ ಕ್ಯಾಲ್ಸಿಯಂ ಏರಿ ಕಿಣ್ವಗಳನ್ನು ಕೆರಳಿಸುತ್ತದೆ, ಪೊರೆ ಹರಿಯುತ್ತದೆ. ಹೃದಯಸ್ನಾಯುವಿನಲ್ಲಿ ರಕ್ತ ಪೂರ್ಣ ನಿಂತರೆ ಈ ಗಡುವು ಸುಮಾರು 20ರಿಂದ 40 ನಿಮಿಷ.

ಹಾರ್ವರ್ಡ್ ಸುಬ್ಬರಾಯರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡ ತಯಾರಿಸಿದ ಫೋಲಿಕ್ ಆಮ್ಲ, ಸಹೋದರರನ್ನು ಕೊಂದ ಸ್ಪ್ರೂಗೇ ಮದ್ದಾಯಿತು. 1948ರಲ್ಲಿ, 53ನೇ ವಯಸ್ಸಿನಲ್ಲಿ ಅಮೆರಿಕದಲ್ಲೇ ತೀರಿಕೊಂಡರು. ಸ್ವದೇಶಕ್ಕೆ ಮರಳಲೇ ಇಲ್ಲ.

ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಸೋರುವ ದೋಣಿ ಬರೆದೆ. ನೀರೆತ್ತಿ ಹಾಕುವವನು ಕೈಸೋತರೆ ಏನಾಗುತ್ತದೆ ಎಂದು ಕೇಳಿದೆ. ಉತ್ತರ ಹಿಂದಿನ ಬೆಂಚಿನಿಂದಲೂ ಬಂತು. ಮೂರನೇ ಸಲಕ್ಕೆ ಪಾಸಾದವರ ಕಥೆಯನ್ನು ಅವರು ಇನ್ನೂ ಗಮನವಿಟ್ಟು ಕೇಳಿದ್ದರು. ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಕಾರ್ಯದ ಎದುರು, ಇದು ನಿಂತರೆ ಏನಾಗುತ್ತದೆ ಎಂಬ ಸಾಲೊಂದನ್ನು ಬರೆದುಕೊಳ್ಳುತ್ತೇನೆ.