ಕುಲುಮೆ ಮನೆಯ ಹುಡುಗ ಮೈಕೆಲ್ ಫ್ಯಾರಡೆ

ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ತಮ್ಮ ಸೈಕಲ್ಲನ್ನೇ ತರಗತಿಯೊಳಕ್ಕೆ ತಂದರು. ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರಕ್ಕೆ ಡೈನಮೋ ತಾಗಿಸಿ, ಪೆಡಲ್ ತಿರುಗಿಸಲು ನನ್ನನ್ನು ಕರೆದರು. ಜೋರಾಗಿ ತಿರುಗಿಸಿದಷ್ಟೂ ದೀಪ ಪ್ರಖರವಾಗುತ್ತಿತ್ತು, ನಿಲ್ಲಿಸಿದರೆ ಆರಿಹೋಗುತ್ತಿತ್ತು. ಆ ದಿನ ಕರಿಹಲಗೆಯ ಮೇಲೆ ಅವರು ಬರೆದ ಹೆಸರು ಮೈಕೆಲ್ ಫ್ಯಾರಡೆ. ಪರೀಕ್ಷೆಗೆ ಆತನ ನಿಯಮ ಬಾಯಿಪಾಠ ಮಾಡಿದೆ, ಬಿ.ಇ.ಯಲ್ಲಿ ಮತ್ತೊಮ್ಮೆ ಓದಿದೆ. ಆ ಮನುಷ್ಯ ಭಾನುವಾರ ಏನು ಮಾಡುತ್ತಿದ್ದ ಎಂಬುದು ಮಾತ್ರ ತಿಳಿದದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಸಂಚಿಕೆಗೆ ಲೇಖನ ಕೊಡಬೇಕೆಂದು ಕೇಳಿದಾಗ ಅದನ್ನೇ ಬರೆಯೋಣವೆನಿಸಿತು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನಲ್ಲಿ. ತಂದೆ ಕಮ್ಮಾರ, ಆರೋಗ್ಯ ಅಷ್ಟಕ್ಕಷ್ಟೆ. ಧಾನ್ಯದ ಬೆಲೆ ಏರಿದ್ದ 1801ರ ಸುಮಾರಿಗೆ ಈ ಹುಡುಗನಿಗೆ ವಾರಕ್ಕೆಂದು ಒಂದೇ ಬ್ರೆಡ್ಡು ಕೊಡುತ್ತಿದ್ದರಂತೆ. ಓದು, ಬರಹ, ಲೆಕ್ಕ ಸ್ವಲ್ಪ ಕಲಿತದ್ದು ಬಿಟ್ಟರೆ ಶಾಲೆ ಇಲ್ಲ. 14ನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಏಳು ವರ್ಷದ ಕರಾರಿನ ಮೇಲೆ ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನು ಓದಿ ಓದಿಯೇ ವಿಜ್ಞಾನ ಕಲಿತ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ಚಿತ್ರ ಬಿಡಿಸಿ, ತಾನೇ ರಟ್ಟು ಹಾಕಿ ಡೇವಿಗೆ ಕಳುಹಿಸಿದ. ಮರುವರ್ಷ ಮಾರ್ಚಿನಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ವಾರಕ್ಕೆ 25 ಷಿಲಿಂಗ್, ಇರಲು ಮೇಲ್ಮಹಡಿಯಲ್ಲಿ ಎರಡು ಕೋಣೆ. ಡೇವಿಯ ಜೊತೆ ಯುರೋಪ್ ಪ್ರವಾಸಕ್ಕೆ ಹೋದಾಗ ಡೇವಿಯ ಹೆಂಡತಿ ಇವನನ್ನು ಆಳಿನಂತೆ ನಡೆಸಿಕೊಂಡಳು. ಮುಂದೆ 1824ರಲ್ಲಿ ರಾಯಲ್ ಸೊಸೈಟಿಗೆ ಇವನ ಆಯ್ಕೆಯನ್ನು ಸ್ವತಃ ಡೇವಿಯೇ ವಿರೋಧಿಸಿದ. ಶಿಷ್ಯ ಮಾತ್ರ ಗುರುವಿನ ಮೇಲಿನ ಗೌರವ ಬಿಡಲಿಲ್ಲ.

ಈಗ ನಾನು ಹೇಳಬೇಕೆಂದಿರುವ ವಿಷಯ. ಫ್ಯಾರಡೆಯ ಮನೆಯವರು ಸ್ಯಾಂಡೆಮೇನಿಯನ್ ಎಂಬ ಪುಟ್ಟ ಕ್ರೈಸ್ತ ಪಂಗಡಕ್ಕೆ ಸೇರಿದವರು. ಸರ್ಕಾರಿ ಚರ್ಚಿನಿಂದ ದೂರ ನಿಂತ ಜನ. ಸಂಬಳದ ಪಾದ್ರಿಗಳಿಲ್ಲ, ಸಭೆಯ ಹಿರಿಯರೇ ಬೋಧನೆ ಮಾಡಬೇಕು. ಭಾನುವಾರ ಎಲ್ಲರೂ ಒಟ್ಟಿಗೆ ಕೂತು ಊಟ, ಒಬ್ಬರ ಕಾಲು ಇನ್ನೊಬ್ಬರು ತೊಳೆಯುವ ಪದ್ಧತಿ. ಹಣ ಕೂಡಿಡುವುದು ತಪ್ಪು, ಮಿಕ್ಕದ್ದು ಬಡವರಿಗೆ ಹೋಗಬೇಕು. ಲಂಡನ್ನಿನ ದೊಡ್ಡ ಮನುಷ್ಯರ ಕಣ್ಣಿಗೆ ಇವರು ವಿಚಿತ್ರ ಜನ. 1821ರ ಜೂನ್‌ನಲ್ಲಿ ಅದೇ ಸಭೆಯ ಸಾರಾ ಬರ್ನಾರ್ಡ್‌ಳನ್ನು ಫ್ಯಾರಡೆ ಮದುವೆಯಾದ. ತಿಂಗಳೊಪ್ಪತ್ತಿನಲ್ಲಿ ಸಭೆಯ ಮುಂದೆ ನಿಂತು ತನ್ನ ವಿಶ್ವಾಸವನ್ನು ಒಪ್ಪಿಕೊಂಡು ಸದಸ್ಯನಾದ. ಹೆಂಡತಿಗೂ ಮೊದಲೇ ಹೇಳಿರಲಿಲ್ಲವಂತೆ. ಅದೇ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದ. ಇಂದಿನ ಮೋಟಾರಿನ ಮೂಲ ಅದು.

ಹತ್ತು ವರ್ಷದ ನಂತರ, 1831ರ ಆಗಸ್ಟ್ 29ರಂದು, ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದ. ಜೋಡಿಸಿದ ಕ್ಷಣ ಮತ್ತು ತೆಗೆದ ಕ್ಷಣ ಮಾತ್ರ ಇನ್ನೊಂದರ ಬಳಿಯಿದ್ದ ಸೂಜಿ ಅಲುಗಿತು. ಅಕ್ಟೋಬರ್‌ನಲ್ಲಿ ಅಯಸ್ಕಾಂತವನ್ನೇ ಸುರುಳಿಯೊಳಕ್ಕೆ ತೂರಿಸಿ ವಿದ್ಯುತ್ ಹುಟ್ಟಿಸಿದ. ನಮ್ಮ ಮೇಷ್ಟ್ರ ಸೈಕಲ್ಲು, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಹೋದ ಕರೆಂಟು, ಎಲ್ಲಕ್ಕೂ ಬುಡ ಇದೇ.

ಇಷ್ಟು ಕಂಡುಹಿಡಿದವನು ಲಕ್ಷಾಧೀಶನಾಗಬಹುದಿತ್ತು. ಆತ ತನ್ನ ಶೋಧಗಳಿಗೆ ಪೇಟೆಂಟ್ ಮಾಡಿಸಲಿಲ್ಲ. ಕಾರ್ಖಾನೆಗಳಿಗೆ ಸಲಹೆ ಕೊಟ್ಟು ಗಳಿಸುವ ದಾರಿಯನ್ನೂ ಸಂಶೋಧನೆಗಾಗಿ ಬಹುಮಟ್ಟಿಗೆ ಬಿಟ್ಟ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಮನೆ ಬಾಗಿಲಿಗೆ ಬಂದಾಗ ಬೇಡವೆಂದ. ಹಾಗೆಂದು ಸನ್ಯಾಸಿಯೇನಲ್ಲ. ದೀಪಸ್ತಂಭಗಳ ಇಲಾಖೆಗೆ ವರ್ಷಗಟ್ಟಲೆ ಸಲಹೆಗಾರನಾಗಿದ್ದ, ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆಂದು 19 ಬಾರಿ ಉಪನ್ಯಾಸ ಮಾಲೆ ನಡೆಸಿದ.

1840ರಲ್ಲಿ ಸಭೆಯ ಹಿರಿಯನಾದ. ವಾರವೆಲ್ಲ ಪ್ರಯೋಗಾಲಯ, ಭಾನುವಾರ ಬೋಧನೆ, ಬಿಡುವಿನಲ್ಲಿ ಕಾಯಿಲೆಯವರನ್ನು, ಬಡವರನ್ನು ನೋಡಿಬರುವುದು. 1844ರಲ್ಲಿ ಅದೇ ಸಭೆ ಆತನನ್ನೂ ಇನ್ನು ಕೆಲವರನ್ನೂ ಹೊರಗೆ ಹಾಕಿತು. ಭಾನುವಾರ ರಾಣಿಯ ಊಟಕ್ಕೆ ಹೋದದ್ದಕ್ಕೆ ಶಿಕ್ಷೆ ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ, ಅದಕ್ಕೆ ಗಟ್ಟಿ ಆಧಾರವಿಲ್ಲ. ಸಭೆಯೊಳಗಿನ ಶಿಸ್ತಿನ ತಕರಾರು ಇರಬೇಕು. ಇಡೀ ಯುರೋಪ್ ಗೌರವಿಸುತ್ತಿದ್ದವನು ಆ ಸಣ್ಣ ಸಭೆಯ ತೀರ್ಪಿಗೆ ತಲೆಬಾಗಿ, ಕೆಲವೇ ವಾರಗಳಲ್ಲಿ ಕೇಳಿಕೊಂಡು ಒಳಗೆ ಬಂದ. ಹಿರಿಯನ ಸ್ಥಾನ ಮತ್ತೆ ಸಿಕ್ಕಿದ್ದು 1860ರಲ್ಲಿ. ನನಗಾಗಿದ್ದರೆ ಸಿಟ್ಟು ಬರುತ್ತಿತ್ತು. ಇಂದಿಗೂ ಆ ಸಭೆ ಮಾಡಿದ್ದು ಸರಿಯೆಂದು ನನಗನ್ನಿಸುವುದಿಲ್ಲ.

ಈ ಭಾಗ ಓದುವಾಗ ನನ್ನದೊಂದು ವಿಷಯ ಚುಚ್ಚಿತು. ನಮ್ಮದು ಊರಿನ ಕೆಲವೇ ಕ್ರೈಸ್ತ ಮನೆಗಳಲ್ಲಿ ಒಂದು. ಶಾಲೆಯಲ್ಲಿ ಅದೊಂದು ವಿಷಯವೇ ಆಗಿರಲಿಲ್ಲ, ಕ್ರಿಸ್‌ಮಸ್‌ಗೆ ನಮ್ಮಮ್ಮ ಸುಟ್ಟ ಕಜ್ಜಾಯ ಅರ್ಧ ತರಗತಿಗೆ ಹೋಗುತ್ತಿತ್ತು. ಆದರೆ ಬೆಂಗಳೂರಿನ ಮೊದಲ ಕೆಲಸದಲ್ಲಿ ಭಾನುವಾರ ಬೆಳಿಗ್ಗೆ ಬಾ ಎಂದಾಗಲೆಲ್ಲ ಚರ್ಚಿಗೆ ಹೋಗಬೇಕು ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ನೆಂಟರ ಮನೆ ಗೃಹಪ್ರವೇಶ, ನಾಮಕರಣ ಎಂದೇನೋ ಹೇಳುತ್ತಿದ್ದೆ. ಎರಡು ವರ್ಷದಲ್ಲಿ ನನ್ನ ನೆಂಟರಿಗೆ ಎಷ್ಟು ಮನೆಗಳಾದವೋ ಲೆಕ್ಕವಿಲ್ಲ. ಕೊನೆಗೊಂದು ದಿನ ನಿಜ ಹೇಳಿದೆ, ಬೇಕಾದರೆ ಶನಿವಾರ ರಾತ್ರಿಯೆಲ್ಲ ಕೂರುತ್ತೇನೆ ಎಂದೆ. ಅವರು ಆಗಲಿ ಎಂದು ತಲೆಯಾಡಿಸಿ ಬೇರೆ ಮಾತಿಗೆ ಹೋದರು. ಆ ವರ್ಷ ನನಗೆ ಬಡ್ತಿ ಬರಲಿಲ್ಲ. ಕಾರಣ ಇದೇ ಎಂದು ಹೇಳಲಾರೆ.

ಫ್ಯಾರಡೆ ಪ್ರಯೋಗಾಲಯಕ್ಕೆ ಬೈಬಲ್ಲನ್ನು ಸಾಕ್ಷಿಗೆ ತರಲಿಲ್ಲ. 1854ರ ಒಂದು ಉಪನ್ಯಾಸದಲ್ಲಿ, ರಾಣಿಯ ಪತಿಯೇ ಎದುರಿಗಿದ್ದಾಗ, ತನ್ನ ಧರ್ಮವಿಶ್ವಾಸ ಬೇರೆ, ವಿಜ್ಞಾನದ ವಾದ ಬೇರೆ ಎಂದು ಬಿಡಿಸಿ ತಿಳಿಸಿದ. ಅದಕ್ಕೂ ಹಿಂದಿನ ವರ್ಷ ಭೂತಪ್ರೇತಗಳು ಮೇಜು ತಿರುಗಿಸುತ್ತವೆಂಬ ಹುಚ್ಚು ಲಂಡನ್ನಿನಲ್ಲಿ ಹಬ್ಬಿದಾಗ ಸಲಕರಣೆ ಮಾಡಿ ಪರೀಕ್ಷಿಸಿ, ಕೂತವರ ಕೈಗಳೇ ಅರಿವಿಲ್ಲದೆ ತಳ್ಳುತ್ತಿವೆ ಎಂದು ತೋರಿಸಿ ಪತ್ರಿಕೆಗೆ ಬರೆದ.

ಕೊನೆಯ ವರ್ಷಗಳಲ್ಲಿ ನೆನಪು ಕೈಕೊಟ್ಟಿತು. ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಕೊಟ್ಟ ಮನೆಯಲ್ಲಿ 1867ರ ಆಗಸ್ಟ್ 25ರಂದು ತೀರಿಕೊಂಡ. ದೊಡ್ಡವರನ್ನು ಮಣ್ಣುಮಾಡುವ ವೆಸ್ಟ್‌ಮಿನ್‌ಸ್ಟರ್ ಅಬೆ ಬೇಡವೆಂದಿದ್ದ. ಹೈಗೇಟ್ ಸ್ಮಶಾನದಲ್ಲಿ, ಸರ್ಕಾರಿ ಚರ್ಚಿಗೆ ಸೇರದವರ ಭಾಗದಲ್ಲಿ ಆತನ ಸಮಾಧಿಯಿದೆ. ಕಲ್ಲಿನ ಮೇಲೆ ಆತನದೆಂದು ಇರುವುದು ಹೆಸರು, ಹುಟ್ಟಿದ ದಿನ, ಸತ್ತ ದಿನ. ಹನ್ನೊಂದು ವರ್ಷದ ನಂತರ ಸಾರಾಳನ್ನೂ ಅಲ್ಲೇ ಮಣ್ಣು ಮಾಡಿದರು.