ಅಂದಾನಪ್ಪ ದೊಡ್ಡಮೇಟಿ

ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿ (೧೯೦೮–೧೯೭೨) ಸ್ವಾತಂತ್ರ್ಯ ಹೋರಾಟಗಾರರು, ಕರ್ನಾಟಕ ಏಕೀಕರಣ ಚಳವಳಿಯ ಮುಂದಾಳುಗಳಲ್ಲೊಬ್ಬರು ಹಾಗೂ ಮುಂಬಯಿ ಮತ್ತು ಮೈಸೂರು ಶಾಸನಸಭೆಗಳ ಸದಸ್ಯರಾಗಿದ್ದವರು. ಇಂದಿನ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಜಕ್ಕಲಿ ಇವರ ಊರು. ಕನ್ನಡ ನಾಡು ಒಂದಾಗಬೇಕೆಂಬ ಠರಾವನ್ನು ೧೯೪೭ರಲ್ಲಿ ಮುಂಬಯಿ ಶಾಸನಸಭೆಯ ಮುಂದಿಟ್ಟು ಗೆಲ್ಲಿಸಿದವರು ಇವರೇ. ಆರು ವರ್ಷಗಳ ತರುವಾಯ ಅದೇ ಬೇಡಿಕೆಗಾಗಿ ಆ ಸಭೆಯ ಸದಸ್ಯತ್ವವನ್ನು ತೊರೆದವರೂ ಇವರೇ.

ಊರು ಮತ್ತು ಪರಿಸರ

ಜಕ್ಕಲಿಯು ನರೇಗಲ್ಲಿಗೆ ಸಮೀಪದ, ಎರೆಹೊಲಗಳ ನಡುವಿನ ಗ್ರಾಮ. ದೊಡ್ಡಮೇಟಿಯವರ ಕಾಲಕ್ಕೆ ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗಜೇಂದ್ರಗಡದಿಂದ ಪೂರ್ವಕ್ಕೆ ಕೆಲವೇ ಹರಿದಾರಿ ನಡೆದರೆ ಯಲಬುರ್ಗಾ ಸೀಮೆ. ಅಲ್ಲಿ ಹೈದರಾಬಾದಿನ ನಿಜಾಮನ ಆಡಳಿತ. ನರಗುಂದದ ಉತ್ತರಕ್ಕೆ ರಾಮದುರ್ಗ ಸಂಸ್ಥಾನ. ಗಡಿಯ ಎರಡೂ ಬದಿಗೆ ಮಾತು ಒಂದೇ, ಬೆಳೆ ಒಂದೇ, ಬೀಗತನವೂ ಉಂಟು. ನಿಜಾಮನ ಸೀಮೆ ಹೊಕ್ಕರೆ ಕಚೇರಿಯ ಭಾಷೆ, ನಾಣ್ಯ, ಕಾನೂನು ಬೇರೆ. ಏಕೀಕರಣವನ್ನು ಧಾರವಾಡದ ವಿದ್ವಾಂಸರ ಕನಸೆಂದಷ್ಟೇ ಬಗೆಯುವುದು ರೂಢಿಯಾಗಿದೆ. ಈ ಭಾಗದ ಒಕ್ಕಲಿಗನಿಗೆ ಅದು ಸಂತೆಗೆ ಹೋಗಿಬರುವ ದಾರಿಯಲ್ಲಿಯೇ ಎದುರಾಗುತ್ತಿದ್ದ ಸಂಗತಿ.

ಕಾಂಗ್ರೆಸ್ಸನ್ನು ಸೇರಿದ ಅಂದಾನಪ್ಪನವರು ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು ಸೆರೆವಾಸವನ್ನೂ ಅನುಭವಿಸಿದರು.

ಮುಂಬಯಿ ಶಾಸನಸಭೆಯ ಠರಾವು

ಮುಂಬಯಿ ಪ್ರಾಂತದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಎಂಬ ನಾಲ್ಕು ಕನ್ನಡ ಜಿಲ್ಲೆಗಳಿದ್ದವು. ಮರಾಠಿ ಮತ್ತು ಗುಜರಾತಿ ಸದಸ್ಯರೇ ಬಹುಸಂಖ್ಯೆಯಲ್ಲಿದ್ದ ಸಭೆಯಲ್ಲಿ ಕನ್ನಡಿಗರ ಬಲ ಚಿಕ್ಕದು. ೧೯೪೬ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ ಏಕೀಕರಣ ಪರಿಷತ್ತನ್ನು ಸರದಾರ ವಲ್ಲಭಭಾಯಿ ಪಟೇಲರು ಉದ್ಘಾಟಿಸಿದ್ದರಿಂದ ಬೇಡಿಕೆಗೆ ತೂಕ ಬಂದಿತ್ತು. ಮರುವರ್ಷ ದೊಡ್ಡಮೇಟಿಯವರು ಕರ್ನಾಟಕ ಪ್ರಾಂತ ರಚನೆಯ ಠರಾವನ್ನು ಮಂಡಿಸಿದರು.

ಕಾಲ ಅನುಕೂಲವಾಗಿರಲಿಲ್ಲ. ದೇಶ ಇಬ್ಭಾಗವಾಗುವ ಭೀತಿಯ ನಡುವೆ ಭಾಷಾವಾರು ಪ್ರಾಂತದ ಮಾತೆತ್ತಿದವರೆಲ್ಲರೂ ಬಗೆಬಗೆಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗಿತ್ತು. ಇಂತಹ ಹೊತ್ತಿನಲ್ಲಿ ಹೊಸ ಗಡಿಗಳನ್ನು ಎಳೆಯುವುದು ಉಚಿತವೆ? ಹೊಸ ಪ್ರಾಂತ ತನ್ನ ಖರ್ಚನ್ನು ತಾನು ತೂಗಿಸೀತೆ? ಮೈಸೂರು, ಹೈದರಾಬಾದುಗಳಂತಹ ರಾಜಸಂಸ್ಥಾನಗಳ ಜನರ ಗತಿಯೇನು? ಇಂದು ಕನ್ನಡಿಗರಿಗೆ ಒಪ್ಪಿದರೆ ನಾಳೆ ಉಳಿದವರನ್ನು ತಡೆಯುವುದು ಹೇಗೆ? ಇವುಗಳಿಗೆ ಏಕೀಕರಣವಾದಿಗಳಲ್ಲಿ ಗಟ್ಟಿಯಾದ ಒಂದು ಆಧಾರವಿತ್ತು. ೧೯೨೦ರ ನಾಗಪುರ ಅಧಿವೇಶನದಿಂದ ಕಾಂಗ್ರೆಸ್ಸೇ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಮೇಲೆ ಕಟ್ಟಿಕೊಂಡು ಬಂದಿತ್ತು. ಪಕ್ಷಕ್ಕೆ ಸಲ್ಲುವ ವ್ಯವಸ್ಥೆ ಆಡಳಿತಕ್ಕೆ ಏಕೆ ಸಲ್ಲದು ಎಂಬುದು ಸರಳವಾದ ವಾದ. ಅದನ್ನು ಕಾಂಗ್ರೆಸ್ಸಿಗರು ಅಲ್ಲಗಳೆಯುವುದು ಕಷ್ಟವಾಗಿತ್ತು.

ಠರಾವು ೮ರ ವಿರುದ್ಧ ೬೦ ಮತಗಳಿಂದ ಅಂಗೀಕೃತವಾಯಿತು. ಕನ್ನಡೇತರರ ಒಪ್ಪಿಗೆಯಿಲ್ಲದೆ ಇಷ್ಟು ಅಂತರ ಸಾಧ್ಯವಿರಲಿಲ್ಲ. ಆದರೆ ಪ್ರಾಂತಗಳ ಗಡಿಯನ್ನು ಬದಲಿಸುವ ಅಧಿಕಾರ ಆ ಸಭೆಗೆ ಇರಲಿಲ್ಲ. ಠರಾವು ಶಿಫಾರಸಾಗಿಯೇ ಉಳಿಯಿತು. ಸ್ವಾತಂತ್ರ್ಯಾನಂತರ ೧೯೪೮ರ ಧರ್ ಆಯೋಗವು ಭಾಷಾವಾರು ಪ್ರಾಂತಗಳಿಗೆ ವಿರುದ್ಧವಾಗಿ ವರದಿ ಕೊಟ್ಟಿತು. ಜವಾಹರಲಾಲ್ ನೆಹರು, ವಲ್ಲಭಭಾಯಿ ಪಟೇಲ್ ಮತ್ತು ಪಟ್ಟಾಭಿ ಸೀತಾರಾಮಯ್ಯನವರ ಸಮಿತಿಯು ೧೯೪೯ರಲ್ಲಿ ವಿಷಯವನ್ನು ಮುಂದೂಡುವಂತೆ ಸೂಚಿಸಿತು.

ರಾಜೀನಾಮೆ ಮತ್ತು ಉಪವಾಸ

ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ೧೯೫೨ರ ಡಿಸೆಂಬರಿನಲ್ಲಿ ಮೃತಪಟ್ಟ ಮೇಲೆ ಕೇಂದ್ರವು ಆಂಧ್ರಕ್ಕೆ ಒಪ್ಪಿತು. ೧೯೫೩ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ಆಂಧ್ರವನ್ನು ಬೆಂಬಲಿಸಿತಾದರೂ ಕರ್ನಾಟಕಕ್ಕೆ ಅಂಥ ಭರವಸೆ ನೀಡಲಿಲ್ಲ. ಅಂದಾನಪ್ಪನವರು ಕೂಡಲೇ ಶಾಸಕತ್ವಕ್ಕೆ ರಾಜೀನಾಮೆ ಕೊಟ್ಟು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಮುಂಬಯಿಯಲ್ಲಿಯೂ ದಿಲ್ಲಿಯಲ್ಲಿಯೂ ಆಳುತ್ತಿದ್ದುದು ಅವರದೇ ಪಕ್ಷ. ಜೀವಮಾನವೆಲ್ಲ ದುಡಿದ ಸಂಸ್ಥೆಯ ಎದುರು ನಿಲ್ಲುವುದು ಬ್ರಿಟಿಷರ ಸೆರೆಮನೆಗಿಂತ ಹಗುರವಾಗಿರಲಾರದು.

ಈ ಉಪವಾಸವನ್ನು ಅದರಗುಂಚಿ ಶಂಕರಗೌಡರ ಉಪವಾಸದೊಡನೆ ಬೆರೆಸಿ ಹೇಳುವುದುಂಟು. ಅವು ಬೇರೆ ಬೇರೆ. ಶಂಕರಗೌಡರದು ಅದೇ ವರ್ಷ ಮಾರ್ಚ್ ಕೊನೆಯಲ್ಲಿ ಆರಂಭವಾದುದು; ಅದರ ನಡುವೆಯೇ ಏಪ್ರಿಲ್ ೧೯ರಂದು ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಅನೇಕರು ಬಂಧನಕ್ಕೊಳಗಾದರು. ಮುಂದಿನ ಉಪಚುನಾವಣೆಯಲ್ಲಿ ಏಕೀಕರಣ ಪಕ್ಷದ ಕೈಯಲ್ಲಿ ಕಾಂಗ್ರೆಸ್ ಸೋತಿತು. ಡಿಸೆಂಬರಿನಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು.

ಭುವನೇಶ್ವರಿಯ ಚಿತ್ರ

ನಾಡದೇವಿ ಭುವನೇಶ್ವರಿಯ ಪ್ರಸಿದ್ಧ ಚಿತ್ರವೊಂದನ್ನು ದೊಡ್ಡಮೇಟಿಯವರು ೧೯೫೩ರಲ್ಲಿ ಕಲಾವಿದ ಸಿ.ಎನ್. ಪಾಟೀಲರಿಂದ ಬರೆಯಿಸಿದರು. ದೇವಿಯ ಹಿನ್ನೆಲೆಯಲ್ಲಿ ಅಖಂಡ ಕರ್ನಾಟಕದ ನಕ್ಷೆಯಿದೆ. ಆಗಿನ್ನೂ ಅಂಥ ರಾಜ್ಯವೇ ಇರಲಿಲ್ಲ.

ಹೆಸರಿನ ಪ್ರಶ್ನೆ

೧೯೫೭ರ ಚುನಾವಣೆಯಲ್ಲಿ ಅಂದಾನಪ್ಪನವರು ರೋಣದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ನಾಡು ಒಂದಾಗಿದ್ದರೂ ಅದರ ಹೆಸರು ಹಳೆಯ ಸಂಸ್ಥಾನದ್ದೇ ಆಗಿತ್ತು. ಮೈಸೂರೆಂಬ ಹೆಸರಿಗೆ ದೇಶವಿದೇಶಗಳಲ್ಲಿದ್ದ ಕೀರ್ತಿಯನ್ನು ಬಿಡಲು ಹಳೆಯ ಮೈಸೂರಿನ ಹಲವರಿಗೆ ಮನಸ್ಸಿರಲಿಲ್ಲ. ಮುಂಬಯಿ, ಹೈದರಾಬಾದು, ಮದರಾಸು ಸೀಮೆಗಳಿಂದ ಬಂದವರಿಗಾದರೋ ತಾವು ಕೂಡಿಕೊಂಡವರಲ್ಲ, ಸಮಾನವಾಗಿ ಒಂದಾದವರು ಎಂಬ ಭಾವನೆ. ದೊಡ್ಡಮೇಟಿಯವರು ಕರ್ನಾಟಕವೆಂಬ ಹೆಸರನ್ನೇ ಇಡಬೇಕೆಂದು ಸದನದಲ್ಲಿ ಪಟ್ಟುಹಿಡಿದು ವಾದಿಸಿದರೂ ಅಂದು ಅದು ಕೈಗೂಡಲಿಲ್ಲ.

ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ೧೯೭೨ರ ಜುಲೈನಲ್ಲಿ ವಿಧಾನಸಭೆಯು ಹೆಸರು ಬದಲಾವಣೆಗೆ ಒಪ್ಪಿತು. ೧೯೭೩ರ ನವೆಂಬರ್ ೧ರಿಂದ ರಾಜ್ಯವು ಕರ್ನಾಟಕವಾಯಿತು. ೧೯೭೨ರಲ್ಲಿಯೇ ತೀರಿಕೊಂಡಿದ್ದ ದೊಡ್ಡಮೇಟಿಯವರು ಆ ದಿನವನ್ನು ಕಾಣಲಿಲ್ಲ. ಅವರು ಬರೆಯಿಸಿದ ಭುವನೇಶ್ವರಿಯ ಚಿತ್ರವನ್ನು ಜಕ್ಕಲಿಯ ಅವರ ಮನೆತನದವರು ಕಾಯ್ದಿಟ್ಟುಕೊಂಡಿದ್ದಾರೆ.